ಮೊಮ್ಮಗಳಿಗೆ ಬಂದ ಒಂದು ರೊಟ್ಟಿ

ಕಳೆದ ವಾರ ನನ್ನ ಮೊಮ್ಮಗಳಿಗೆ ದೇವದುರ್ಗದಿಂದ ಒಂದು ರೊಟ್ಟಿ ಬಂತು. ಒಂದೇ ಒಂದು ಜೋಳದ ರೊಟ್ಟಿ. ಆ ಸುದ್ದಿಯನ್ನು ಓಣಿಯವರಿಗೆಲ್ಲ ಹೇಳಿದೆ, ಹಾಲಿನವನಿಗೆ ಹೇಳಿದೆ, ಅಂಗಡಿಗೆ ಬಳೆ ತೊಡಿಸಿಕೊಳ್ಳಲು ಬಂದವರಿಗೆ ಅವರ ಕೈ ಹಿಡಿದುಕೊಂಡೇ ಹೇಳಿದೆ. ಕೈ ನನ್ನ ಹತ್ತಿರ ಇರುವಾಗ ಅವರು ಎದ್ದು ಹೋಗುವಂತಿಲ್ಲ ನೋಡಿ. ಅಷ್ಟು ಹೇಳಿದರೂ ನನಗೆ ಇನ್ನೂ ಸಮಾಧಾನವಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ನಮ್ಮ ಮಾತು ದಖನಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ, ಅನ್ನ ಕೊಟ್ಟದ್ದು ಬಳೆ. ಮೊಣಕಾಲು ಗಟ್ಟಿ ಇರುವ ತನಕ ಬುಟ್ಟಿ ಹೊತ್ತು ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಗಳನ್ನೆಲ್ಲ ತಿರುಗಿದೆ. ನೀರಮಾನ್ವಿಯಲ್ಲಿ ಯಾವ ಸೊಸೆಯ ಕೈ ಮೆತ್ತಗೆ, ಬಾಗಲವಾಡದಲ್ಲಿ ಯಾರ ಗೆಣ್ಣು ದಪ್ಪ, ಇವತ್ತಿಗೂ ಕಣ್ಣು ಮುಚ್ಚಿ ಹೇಳುತ್ತೇನೆ. ಈಗ ರಾಯಚೂರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು, ಮಗಳ ಮಗಳ ಜೊತೆ ಇದ್ದೇನೆ. ಅವಳು ಬೆಳಿಗ್ಗೆ ಝೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಾಳೆ. ಉಳಿದ ಅರ್ಧ ದಿನ, ಸಂಜೆ, ಊಟದ ಹೊತ್ತು, ಎಲ್ಲವೂ ರೊಟ್ಟಿಯ ಕೆಲಸಕ್ಕೆ.

ಆ ಕೆಲಸ ಏನೆಂದು ಹೇಳಬೇಕು. ರಾಯಚೂರಿನ ಒಂದು ಆಸ್ಪತ್ರೆಯ ಹೊರಗೆ ಬೇವಿನ ಗಿಡವಿದೆ. ಹಳ್ಳಿಯಿಂದ ರೋಗಿಗಳ ಜೊತೆ ಬಂದವರು ಅದರ ನೆರಳಿನಲ್ಲಿ ಚಾದರ ಹಾಸಿಕೊಂಡು ದಿನಗಟ್ಟಲೆ ಕೂಡುತ್ತಾರೆ. ಒಳಗೆ ಮಲಗಿದವರಿಗೆ ಊಟ ಸಿಗುತ್ತದೆ, ಹೊರಗೆ ಕುಳಿತವರನ್ನು ಕೇಳುವವರಿಲ್ಲ. ನಮ್ಮ ಕಡೆ ಒಂದು ರೂಢಿ ಉಂಟು. ರಾಯಚೂರಿನಲ್ಲಿ ಓದುವ ಮಕ್ಕಳಿಗೆ ಊರಿನಲ್ಲಿ ಅವ್ವ ಬೆಳಿಗ್ಗೆ ರೊಟ್ಟಿ ಬಡಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾಳೆ. ಮಗ ಬಸ್‌ಸ್ಟ್ಯಾಂಡಿಗೆ ಬಂದು ಬುತ್ತಿ ಇಳಿಸಿಕೊಳ್ಳುತ್ತಾನೆ. ನನ್ನ ಮೊಮ್ಮಗಳು ಈ ರೂಢಿಯ ಬಾಲ ಹಿಡಿದಳು. ಮಾನ್ವಿಯ ಕೆಲವು ಹೆಣ್ಣುಮಕ್ಕಳು, ದೇವದುರ್ಗದ ಕೆಲವು ಹೆಣ್ಣುಮಕ್ಕಳು ಮನೆಗೆ ಬಡಿಯುವಾಗಲೇ ಹತ್ತು ರೊಟ್ಟಿ ಹೆಚ್ಚಿಗೆ ಬಡಿದು ಕಳಿಸಬೇಕು. ರಾಯಚೂರಿನ ಮನೆಗಳು ಪಲ್ಯ, ಚಟ್ನಿ ಮಾಡಬೇಕು. ಕೆಲವರು ಗಂಟು ಇಳಿಸಿಕೊಂಡು ಬರಬೇಕು, ಕೆಲವರು ಬಡಿಸಬೇಕು. ಯಾರಿಗೂ ಪಗಾರವಿಲ್ಲ. ಮೂರು ವರ್ಷದಿಂದ ನಡೆದಿದೆ.

ರೊಟ್ಟಿ ಬಡಿಯುವವರು ಅವರು, ಪಲ್ಯ ಮಾಡುವವರು ಇವರು, ಬಡಿಸುವವರು ಮತ್ತೊಬ್ಬರು. ಹಾಗಾದರೆ ನಿನ್ನ ಮೊಮ್ಮಗಳು ಏನು ಮಾಡುತ್ತಾಳೆ? ಇದನ್ನು ಹೊರಗಿನವರು ಕೇಳಲಿಲ್ಲ, ನಾನೇ ಕೇಳುತ್ತಿದ್ದೆ. ಅವಳು ಮಾಡುತ್ತಿದ್ದದ್ದು ಫೋನು. ಕಿವಿಗೆ ಫೋನು, ಕೈಯಲ್ಲಿ ನೋಟ್‌ಬುಕ್ಕು.

“ಫೋನ್ ಹಿಡಕೊಂಡು ಕೂಡೋದೂ ಒಂದು ಕೆಲಸ ಏನು ಬೇಟಿ?” ಎಂದು ಎಷ್ಟೋ ಸಲ ಚುಚ್ಚಿದ್ದೇನೆ.

“ನಿನಗ ತಿಳಿಯಂಗಿಲ್ಲ ಬಿಡು ನಾನಿ,” ಎಂದು ನಕ್ಕು ಮತ್ತೆ ಫೋನು.

ಈ ವರ್ಷದ ಆರಂಭದಲ್ಲಿ ಒಂದು ಸನ್ಮಾನ ನಡೆಯಿತು. ಯಾರೋ ಪುಣ್ಯವಂತರು ಶಾಲು ಕೊಡಿಸಿದರು. ಮಾನ್ವಿಯವರಿಗೆ ಶಾಲು, ದೇವದುರ್ಗದವರಿಗೆ ಶಾಲು, ಪಲ್ಯದವರಿಗೆ, ಬಡಿಸುವವರಿಗೆ, ಬೇವಿನ ಗಿಡದ ಕೆಳಗೆ ಕಸ ಹೊಡೆಯುವವರಿಗೆ ಶಾಲು. ಕೊನೆಗೆ ಮೈಕಿನವನಿಗೂ ಒಂದು ಹೊದಿಸಿದರು, ಅವನು ನಾಚಿ ಮೈಕು ಬಂದ್ ಮಾಡಿಬಿಟ್ಟ. ನನ್ನ ಮೊಮ್ಮಗಳು ಎಡಗೈ ಮೇಲೆ ಶಾಲುಗಳ ಅಟ್ಟಿ ಇಟ್ಟುಕೊಂಡು ಸ್ಟೇಜಿನ ಪಕ್ಕದಲ್ಲಿ ನಿಂತು, ಹೆಸರು ಕರೆದಂತೆಲ್ಲ ಒಂದೊಂದೇ ಮೇಲೆ ಕೊಡುತ್ತಿದ್ದಳು. ಕರೆಯುವ ಪಟ್ಟಿ ಬರೆದವಳು ಅವಳೇ. ಬರೆದವಳು ತನ್ನ ಹೆಸರು ಬರೆದುಕೊಂಡಿರಲಿಲ್ಲ, ಓದಿದವರು ಪಟ್ಟಿಯಲ್ಲಿ ಇದ್ದಷ್ಟು ಓದಿದರು.

ಮನೆಗೆ ಬಂದ ಮೇಲೆ, “ಶಾಲು ಒಂದೂ ಕಡಿಮಿ ಬೀಳಲಿಲ್ಲ ನಾನಿ!” ಎಂದು ಹಿಗ್ಗಿನಿಂದ ಹೇಳಿದಳು. ನಾನೂ ಹಿಗ್ಗಿದೆ. ಅವಳ ಹೆಗಲು ಖಾಲಿ ಇದೆ ಎಂದು ನನ್ನ ಈ ಎರಡು ಕಣ್ಣಿಗೂ ಕಾಣಲಿಲ್ಲ. ಬಳೆಯ ಅಳತೆ ಕಣ್ಣಿನಲ್ಲೇ ಹಿಡಿಯುವ ಕಣ್ಣು ಇವು!

ಅದಾಗಿ ಕೆಲವು ದಿನಕ್ಕೆ, ಅಕ್ಕಿ ಆರಿಸುತ್ತಾ ಕುಳಿತಿದ್ದಾಗ ಹೇಳಿದಳು.

“ನಾನಿ, ಈ ತಿಂಗಳಾದ ಮ್ಯಾಲ ರೊಟ್ಟಿ ಕೆಲಸ ಬಿಡ್ತೀನಿ.”

“ಯಾಕ? ಯಾರರ ಏನರ ಅಂದರೇನು?”

“ಯಾರೂ ಏನೂ ಅನ್ನಂಗಿಲ್ಲ. ಅದೇ. ರೊಟ್ಟಿ ಬಂದ್ರ ರೊಟ್ಟಿ ಛಲೋ ಅಂತಾರ. ಬರಲಿಲ್ಲಂದ್ರ ನನಗ ಫೋನ್ ಮಾಡ್ತಾರ. ಸಾಕಾಗ್ಯದ.”

ಅಷ್ಟು ಹೇಳಿ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ನಾನು, ಬಿಟ್ಟರೆ ಬಿಡಲಿ, ಹುಡುಗಿ ಎರಡು ತುತ್ತು ನೆಮ್ಮದಿಯಿಂದ ಉಣ್ಣಲಿ, ಎಂದುಕೊಂಡೆ. ಅವಳು ಬಿಟ್ಟರೆ ಅದು ನಿಂತುಹೋಗುತ್ತದೆ ಎಂಬುದು ತಲೆಗೇ ಹೊಳೆಯಲಿಲ್ಲ. ಫೋನು ತಾನೇ? ಯಾರಾದರೂ ಎತ್ತುತ್ತಾರೆ.

ಆ ಯಾರಾದರೂ ನಾನೇ ಆದೆ. ಅದೇ ವಾರ ಅವಳಿಗೆ ಜ್ವರ ಹತ್ತಿತು. ಡಾಕ್ಟರು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಬೇಡ ಅಂದರು. ಜ್ವರದಲ್ಲೂ ಫೋನಿಗೆ ಕೈ ಚಾಚುತ್ತಿದ್ದಳು. ನಾನು ಕಸಿದುಕೊಂಡು ಸೆರಗಿಗೆ ಸಿಕ್ಕಿಸಿಕೊಂಡೆ.

“ನಕ್ಕೋ, ಬ್ಯಾಡ! ಮಲಕ್ಕೊ. ಹಳ್ಳಿ ಹಳ್ಳಿ ತಿರುಗಿ ಬಳಿ ಮಾರಿದಾಕಿ ನಾನು. ಮಂದಿ ಜೋಡಿ ಮಾತಾಡೋದು ನನಗ ಕಲಸ್ತಿಯೇನು?”

ಮೊದಲ ಫೋನು ಚಹಾ ಕುದಿಯುವ ಮೊದಲೇ ಬಂತು. ಚಹಾ ಉಕ್ಕಿ ಒಲೆಗೆ ಹೋಯಿತು. ಅದು ಒರೆಸುವಷ್ಟರಲ್ಲಿ ಎರಡನೆಯದು. ಆಮೇಲೆ ಎಣಿಸುವುದು ಬಿಟ್ಟೆ.

“ಅಮ್ಮಾ, ನನ್ನ ಪಾಳಿ ಗುರುವಾರ ಅದ. ನಾಳಿ ಬರಲೇನ್ರಿ?”

“ಬರ್ರೆಪಾ, ಬರ್ರಿ.”

“ನಮ್ಮ ನಾದಿನಿನೂ ಕರಕೊಂಡು ಬರಲೇನ್ರಿ? ಆಕಿಗೂ ಬಡಸಾಕ ಆಸಿ ಅದ.”

“ಕರಕೊಂಡು ಬಾ ಯವ್ವಾ, ಅದರಾಗೇನದ!”

“ಅಮ್ಮಾ, ನಾಳಿ ಬಸ್‌ಸ್ಟ್ಯಾಂಡಿಗೆ ಹೋಗಿ ಮಾನ್ವಿ ಗಂಟು ತರೋದು ನಂದು. ಅದರ ಬದ್ಲಿ ಬಡಸಾಕ ಬಂದ್ರ ನಡೀತದೇನ್ರಿ? ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರೂದು ಬ್ಯಾಸರ ಬಂದದ.”

“ಯಾಕ ನಡಿಯಂಗಿಲ್ಲ? ಬರ್ರಿ!”

ಅಂಗಡಿಯಲ್ಲಿ ಕೂತವಳ ಬಾಯಿಗೆ ಇಲ್ಲ ಅನ್ನುವ ಮಾತು ಬರುವುದಿಲ್ಲ. ಬಂದವರಿಗೆಲ್ಲ ಬರ್ರಿ, ಕೂಡ್ರಿ, ನೋಡ್ರಿ. ಒಬ್ಬರೂ ಬೇಜಾರಾಗಲಿಲ್ಲ. ಎಲ್ಲರೂ, “ನಿಮ್ಮ ಮೊಮ್ಮಗಳಕಿಂತ ನೀವ ಛಲೋ ನೋಡ್ರಿ!” ಎಂದರು. ನಾನು ಉಬ್ಬಿ, ಹಾಸಿಗೆಯಲ್ಲಿದ್ದವಳಿಗೆ ಗಂಜಿ ಕುಡಿಸುತ್ತಾ, “ನೋಡು, ಮಂದಿ ಹ್ಯಾಂಗ ಖುಷಿ ಆಗ್ಯಾರ,” ಎಂದೆ. ಅವಳು ಅರ್ಧ ಕಣ್ಣು ತೆರೆದು, “ಎಲ್ಲಾರೂ ಖುಷಿನ?” ಎಂದು ಅನುಮಾನದಿಂದ ಕೇಳಿ ಮತ್ತೆ ನಿದ್ದೆ ಹೋದಳು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬೇವಿನ ಗಿಡದ ಕೆಳಗೆ ಹೋದೆ. ಆಹಾ, ಏನು ಶೋಭೆ! ಬಡಿಸುವವರೇ ಹನ್ನೊಂದು ಮಂದಿ, ಕೈಯಲ್ಲಿ ಒಂದೊಂದು ಸೌಟು. ಒಬ್ಬಳು ನಾದಿನಿಯ ಜೊತೆ ನಾದಿನಿಯ ಗೆಳತಿಯನ್ನೂ ತಂದಿದ್ದಳು. ಪುಂಡಿಪಲ್ಯದ ಡಬರಿ ಇತ್ತು, ಹೆಸರುಕಾಳು ಇತ್ತು. ರೊಟ್ಟಿ ಮಾತ್ರ ಅರ್ಧ.

“ಬಳಿ ಅಮ್ಮಾ, ಮಾನ್ವಿ ಗಂಟು ಎಲ್ಲದರೀ?” ಎಂದು ಬಡಿಸುವವರಲ್ಲಿ ಹಿರಿಯರಾದ ಒಬ್ಬ ರಿಟೈರ್ ಮೇಷ್ಟ್ರು ಕೇಳಿದರು.

ನಾನು ನಿನ್ನೆ ಫೋನು ಮಾಡಿದವನ ಮುಖ ನೋಡಿದೆ. ಅವನು ಸೌಟು ನೋಡಿದ.

“ನೀವ ಬರ್ರಿ ಅಂದ್ರಲ್ಲ ಅಮ್ಮಾ,” ಎಂದ.

ಹೌದು, ಅಂದಿದ್ದೆ. ಅವನ ಬದಲಿಗೆ ಬಸ್‌ಸ್ಟ್ಯಾಂಡಿಗೆ ಯಾರು ಹೋಗಬೇಕು ಎಂದು ಯೋಚಿಸಿರಲಿಲ್ಲ. ಮಾನ್ವಿಯ ಬಸ್ಸು ಬಂದು, ಹತ್ತು ನಿಮಿಷ ನಿಂತು, ಬೋರ್ಡು ಬದಲಿಸಿಕೊಂಡು ದೇವದುರ್ಗಕ್ಕೆ ಹೋಗಿಯಾಗಿತ್ತು. ಗಂಟು ಕಂಡಕ್ಟರ್ ಸೀಟಿನ ಪಕ್ಕದಲ್ಲೇ ಕೂತು ಮುಂದೆ ಪ್ರಯಾಣ ಮಾಡಿತು.

ದೇವದುರ್ಗದ ಗಂಟಿಗೆ ಆ ತಾಪತ್ರಯವಿಲ್ಲ. ಅಲ್ಲಿಂದ ದಿನವೂ ರಾಯಚೂರಿಗೆ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳು ಗಂಟನ್ನು ನೇರ ಆಸ್ಪತ್ರೆಗೆ ತಂದು, ಸಂಜೆ ಊರಿಗೆ ಹೋಗುವಾಗ ನಮ್ಮ ಮನೆಗೆ ಬಂದು ಬಟ್ಟೆಯನ್ನು ಒಯ್ಯುತ್ತಾಳೆ. ಆ ಸಂಜೆಯೂ ಬಂದಳು. ನಾನು ಬಟ್ಟೆ ಝಾಡಿಸಿ, ಹಿಟ್ಟು ಉದುರಿಸಿ, ಮಡಿಚಿ ಕೊಟ್ಟೆ. ಅವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಅಷ್ಟೇ ಏನ್ರಿ?”

“ಅಷ್ಟೇ ಬೇಟಿ. ಇನ್ನೇನು?”

ಬಟ್ಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದಳು. ರಾತ್ರಿ ಊಟದ ಹೊತ್ತಿಗೆ ಫೋನು ಬಂತು. ದೇವದುರ್ಗದ ರೊಟ್ಟಿಯವರಲ್ಲಿ ಹಿರಿಯಳಾದ ಹೆಣ್ಣುಮಗಳು. ಕುರಿ ಸಾಕುವ ಮನೆತನದವಳು, ಅವಳ ಮಾತಿಗೆ ಉಳಿದವರು ಎದುರಾಡುವುದಿಲ್ಲ.

“ನಮ್ಮ ರೊಟ್ಟಿ ದಪ್ಪ ಅಂತ ನಮಗ ಗೊತ್ತದ. ಅದಕ್ಕ ಮಾನ್ವಿಯವರ ರೊಟ್ಟಿ ನಮಗ ಕಳಿಸಿ ತೋರಸಬೇಕೇನು? ಹಿಂಗ ಬಡೀರಿ ಅಂತ ಕಲಸಾಕ ಕಳಿಸೀರೇನು? ಅದರ ಮ್ಯಾಲ ಗಂಟು ಕಟ್ಟೋ ಅರಿವಿನೂ ಖಾಲಿ! ನಾಳಿಂದ ದೇವದುರ್ಗದ ರೊಟ್ಟಿ ಬರಂಗಿಲ್ಲ. ಮಾನ್ವಿಯವರ ಕೈಲೇ ಬಡಸ್ಕೊಳ್ರಿ!”

ಫೋನು ಇಟ್ಟುಬಿಟ್ಟಳು. ಆಮೇಲೆ ತಿಳಿಯಿತು. ಕಂಡಕ್ಟರ್ ದೇವದುರ್ಗದವನು. ಗಂಟು ಕೇಳುವವರಿಲ್ಲ, ರೊಟ್ಟಿ ಹಾಳಾಗಬಾರದು, ಇದೂ ಅದೇ ಆಸ್ಪತ್ರೆಯ ಕೆಲಸದವರದು ಎಂದು ಒಳ್ಳೆಯ ಮನಸ್ಸಿನಿಂದಲೇ ತಮ್ಮೂರಿನ ರೊಟ್ಟಿಯವರ ಮನೆಗೆ ಮುಟ್ಟಿಸಿದ್ದ. ಮಾನ್ವಿಯ ರೊಟ್ಟಿ ಎಂದರೆ ಹಾಳೆಯಷ್ಟು ತೆಳ್ಳಗೆ, ಮುರಿದರೆ ಕಟಕಟ. ದೇವದುರ್ಗದ್ದು ದಪ್ಪ, ಮೆತ್ತಗೆ. ಇಬ್ಬರಿಗೂ ಒಳಗೊಳಗೇ ಒಂದು ಪಂತ ಮೊದಲಿನಿಂದಲೂ ಇತ್ತಂತೆ. ಇತ್ತು ಎಂದು ಗೊತ್ತಿದ್ದವಳು ಒಬ್ಬಳೇ, ಅವಳು ಜ್ವರದಲ್ಲಿ ಮಲಗಿದ್ದಳು.

ಮೂರನೆಯ ದಿನ ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿ ಮಾನ್ವಿ ಗಂಟು ತಂದೆ. ದೇವದುರ್ಗದ್ದು ಬರಲಿಲ್ಲ. ತಲೆಗೆ ಎರಡು ಕೊಡುವಲ್ಲಿ ಒಂದೊಂದು ಕೊಟ್ಟೆವು. ಗಿಲ್ಲೆಸುಗೂರಿನ ಒಬ್ಬ ಮುದುಕಿ ತನ್ನ ಗಟ್ಟಿ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ಅದ್ದಿ ತಿನ್ನುತ್ತಾ, “ಮೆತ್ತನ್ನು ಬರಲಿಲ್ಲೇನ್ರಿ ಇವತ್ತ?” ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು, ಅವಳು ನಿದ್ದೆಯಲ್ಲಿದ್ದಾಗ, ಆ ನೋಟ್‌ಬುಕ್ಕು ತೆರೆದೆ. ನನಗೆ ಓದುವುದು ನಿಧಾನ, ಬೆರಳಿಟ್ಟು ಓದಬೇಕು. ಒಂದೊಂದು ಹೆಸರಿನ ಎದುರಿಗೂ ಏನೇನೋ ಬರೆದಿತ್ತು. ಇವರು ಬರುತ್ತೇನೆ ಅಂದರೆ ಬರುತ್ತಾರೆ. ಇವರು ನೋಡೋಣ ಅಂದರೆ ಬರುವುದಿಲ್ಲ, ಬೇರೆಯವರಿಗೆ ಹೇಳಿಡಬೇಕು. ಇವರಿಗೆ ಬುಧವಾರ ಫೋನು ಮಾಡಬಾರದು, ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಾರೆ. ಈ ಇಬ್ಬರನ್ನು ಒಂದೇ ದಿನ ಹಾಕಬಾರದು, ಗೋಡೆಯ ಜಗಳವಿದೆ. ಮೇಷ್ಟ್ರಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ, ಆದರೆ ಕುರ್ಚಿ ಕೊಟ್ಟರೆ ಸಿಟ್ಟು, ಸುಮ್ಮನೆ ಪಕ್ಕದಲ್ಲಿ ಇಟ್ಟಿರಬೇಕು. ದೇವದುರ್ಗದ ರೊಟ್ಟಿ ಹಲ್ಲಿಲ್ಲದವರಿಗೆ, ಮಾನ್ವಿಯದು ನಾಲ್ಕು ದಿನ ಉಳಿಯುವವರಿಗೆ, ಒಬ್ಬರ ರೊಟ್ಟಿಯನ್ನು ಇನ್ನೊಬ್ಬರ ಎದುರು ಹೊಗಳಬಾರದು.

ಬೆರಳು ಅಲ್ಲಿಯೇ ನಿಂತಿತು. ನಾನು ಐವತ್ತು ವರ್ಷ ಹೆಣ್ಣುಮಕ್ಕಳ ಕೈ ನೆನಪಿಟ್ಟುಕೊಂಡವಳು. ಇವಳು ಮೂರು ವರ್ಷದಲ್ಲಿ ನಲವತ್ತು ಮಂದಿಯ ಮನಸ್ಸು ನೆನಪಿಟ್ಟುಕೊಂಡಿದ್ದಳು. ಇದನ್ನು ನಾನು ಫೋನು ಹಿಡಿದು ಕೂಡುವುದು ಎಂದಿದ್ದೆ!

ಆದರೆ ಬಟ್ಟೆಯ ವಿಷಯ ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಇರಲಿಲ್ಲ. ಅರಿವಿ ಖಾಲಿ ಅಂದಳಲ್ಲ, ಬಟ್ಟೆ ಖಾಲಿ ಇರದೆ ಇನ್ನು ಹೇಗಿರಬೇಕು?

ನಾಲ್ಕನೆಯ ದಿನ ಬೆಳಿಗ್ಗೆ, ಪಕ್ಕದ ಮನೆಯವಳನ್ನು ಮೊಮ್ಮಗಳ ಹತ್ತಿರ ಕೂರಿಸಿ, ಸಂತೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ, ಅಟ್ಟದ ಮೇಲಿದ್ದ ಹಳೆಯ ಬಳೆ ಬುಟ್ಟಿ ಇಳಿಸಿದೆ. ದೇವದುರ್ಗದ ಬಸ್ಸು ಹತ್ತಿದರೆ, ಅದೇ ಕಂಡಕ್ಟರ್!

“ಎಷ್ಟು ವರ್ಷ ಆದ ಮ್ಯಾಲ ಬುಟ್ಟಿ ಹೊತ್ತೀರಿ ಬಳಿ ಅಮ್ಮಾ?”

“ನೀ ಒಂದು ಗಂಟು ಮುಟ್ಟಸಿ ಬಂದಿದ್ಯಲ್ಲ ಯಪ್ಪಾ, ಅದರ ಬೆನ್ನು ಹತ್ತಿ ಹೊಂಟೀನಿ.”

ಸಂಗತಿ ಕೇಳಿ ಪಾಪ, ಅವನು ತಲೆ ತಲೆ ಬಡಿದುಕೊಂಡ. “ಅಯ್ಯ, ನಾ ಪುಣ್ಯದ ಕೆಲಸ ಅಂತ ಮಾಡಿದ್ನಲ್ರಿ!” ಎಂದು ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದ.

ಫೋನು ಮಾಡಿ ಬೈದ ಆ ಹಿರಿಯಕ್ಕನ ಮನೆ ಮುಂದೆ ಕುರಿಗಳು ಮೇಯಲು ಹೊರಟಿದ್ದವು. ಒಳಗೆ ಒಲೆಯ ಪಕ್ಕ ರೊಟ್ಟಿಯ ಹಂಚು ಬೋರಲು ಹಾಕಿತ್ತು. ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರಿನ ತಂಬಿಗೆ ಬರಬೇಕು, ಅದೂ ಬರಲಿಲ್ಲ. ನಾನು ಕೂಡು ಅನಿಸಿಕೊಳ್ಳದೇ ಕೂತೆ. ಬುಟ್ಟಿ ಬಿಚ್ಚಿ, “ಕೈ ಕೊಡು ಅಕ್ಕಾ,” ಎಂದೆ. ಎಷ್ಟೇ ಸಿಟ್ಟಿರಲಿ, ಬಳೆಗಾರ್ತಿ ಕೈ ಕೇಳಿದರೆ ಇಲ್ಲ ಅನ್ನಲಾಗುವುದಿಲ್ಲ. ಮುಖ ಆ ಕಡೆ ತಿರುಗಿಸಿ, ಕೈ ಈ ಕಡೆ ಚಾಚಿದಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ. ಬೆರಳು ಕೂಡಿಸಿ ಮೆಲ್ಲಗೆ ಒತ್ತುತ್ತಾ ಹೇಳಿದೆ.

“ಕೆಡಿಸಿದಾಕಿ ನಾನು. ಆಕಿಗೆ ಜ್ವರ ಬಂದದ. ಫೋನ್ ನನ್ನ ಕೈಯಾಗಿತ್ತು. ಗಂಟು ಇಳಿಸ್ಕೊಳ್ಳಾಕ ಯಾರನ್ನೂ ಕಳಿಸಲಿಲ್ಲ, ಅದು ತಾನ ನಿಮ್ಮೂರಿಗೆ ಬಂತು. ಮಾನ್ವಿಯವರಿಗೆ ಇದರ ಸುದ್ದಿನೂ ಗೊತ್ತಿಲ್ಲ.”

ಮುಖ ಈ ಕಡೆ ತಿರುಗಿತು.

“ಜ್ವರನ? ಎಷ್ಟು ದಿನ ಆತು? ಮೊದಲ ಹೇಳಾಕ ಏನಾಗಿತ್ತು ಬೇ ನಿನಗ!”

“ನೀ ಹೇಳಾಕ ಎಲ್ಲಿ ಬಿಟ್ಟಿ? ಬೈದು ಫೋನ್ ಇಟ್ಟಿ!”

ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ದಿಟ್ಟಿಸಿದೆವು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಗುವಾಗ ಬಳೆ ಒಂದು ಒಡೆಯಿತು. ನೀರಿನ ತಂಬಿಗೆ ಬಂತು, ಹಿಂದೆಯೇ ಚಹಾ.

“ಅರಿವಿ ಖಾಲಿ ಅಂದ್ಯಲ್ಲ ಅಕ್ಕಾ, ಅದೇನು?” ಎಂದು ಕೇಳಿದೆ.

ಹಿರಿಯಕ್ಕ ಎದ್ದು, ಗೋಡೆಯ ಮಾಡಿನಿಂದ ಒಂದು ಬಿಸ್ಕೀಟಿನ ಡಬ್ಬಿ ತಂದು ನನ್ನ ಮುಂದೆ ಸುರಿದಳು. ಚೀಟಿಗಳು. ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಹಾಳೆಗಳನ್ನು ಸಣ್ಣಗೆ ಕತ್ತರಿಸಿ, ಹಿಂದಿನ ಬಿಳಿ ಬದಿಯಲ್ಲಿ ಬರೆದ ಚೀಟಿಗಳು. ನನ್ನ ಮೊಮ್ಮಗಳ ಅಕ್ಷರ. ಹಿರಿಯಕ್ಕನಿಗೆ ಓದು ಬರದು, ಸೊಸೆ ದಿನವೂ ಓದಿ ಹೇಳುತ್ತಾಳಂತೆ. ಆ ದಿನ ನಾನು ಓದಿದೆ, ಬೆರಳಿಟ್ಟು.

“ಇವತ್ತು ನಿಮ್ಮ ರೊಟ್ಟಿಯನ್ನು ಬಾಗಲವಾಡದ ಒಬ್ಬ ಅಜ್ಜ ಹಾಲಿನಲ್ಲಿ ಕಲಸಿ ಉಂಡರು. ಹಲ್ಲಿಲ್ಲ. ಮೆತ್ತಗಿದೆ ಎಂದು ಎರಡು ಸಲ ಹೇಳಿದರು.”

“ಗಿಲ್ಲೆಸುಗೂರಿನವರೊಬ್ಬರಿಗೆ ಮೊಮ್ಮಗ ಹುಟ್ಟಿದ. ಸುದ್ದಿ ಬಂದಾಗ ಅವರ ಕೈಯಲ್ಲಿ ನಿಮ್ಮ ರೊಟ್ಟಿ ಇತ್ತು.”

“ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಯಾರೂ ಬಿಡಲಿಲ್ಲ.”

“ದಿನಾ ಅರಿವಿ ಒಗದು, ಮಡಿಚಿ, ಅದರಾಗ ಇಷ್ಟು ಸಕ್ಕರಿ, ಒಂದು ಚೀಟಿ ಕಟ್ಟಿ ಕಳಸ್ತಾಳ,” ಎಂದಳು ಹಿರಿಯಕ್ಕ. “ಪಾತ್ರಿ ಆಗಲಿ ಅರಿವಿ ಆಗಲಿ, ಕೊಟ್ಟವರ ಮನಿಗೆ ಖಾಲಿ ಕಳಸಬಾರದು ಅಂತ ಯಾರು ಕಲಿಸ್ಯಾರೋ ಆಕಿಗೆ. ಮೊನ್ನೆ ಖಾಲಿ ಬಂತು. ನಮ್ಮ ಋಣ ತೀರಿತು ಅನಿಸ್ತು.”

ಯಾರು ಕಲಿಸಿದ್ದರು ಎಂದು ನನಗೆ ಗೊತ್ತಿತ್ತು. ನೆರೆಮನೆಯಿಂದ ಸಾರು ಬಂದರೆ ಬಟ್ಟಲಲ್ಲಿ ನಾಲ್ಕು ಕಾಳು ಸಕ್ಕರೆ ಹಾಕದೆ ಹಿಂದಕ್ಕೆ ಕೊಟ್ಟರೆ ನಾನೇ ಅವಳ ಕೈಗೆ ಹೊಡೆಯುತ್ತಿದ್ದೆ, ಸಣ್ಣವಳಿದ್ದಾಗ. ಕಲಿಸಿದವಳೇ ಖಾಲಿ ಬಟ್ಟೆ ಕಳಿಸಿದ್ದೆ. ಕಲಿತವಳು ಅದನ್ನು ಕೆಲಸ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇರಲಿಲ್ಲ.

ಆಗ ಹೇಳಿಬಿಟ್ಟೆ. “ಆಕಿ ಈ ತಿಂಗಳಾದ ಮ್ಯಾಲ ಬಿಡ್ತಾಳಂತ ಅಕ್ಕಾ.”

ಹಿರಿಯಕ್ಕ ಚೀಟಿಗಳನ್ನು ಜೋಡಿಸಿ ಡಬ್ಬಿಗೆ ತುಂಬಿದಳು.

“ನಮ್ಮ ರೊಟ್ಟಿ ಯಾರು ಉಂಡರು, ಎಷ್ಟು ಉಂಡರು, ಎಲ್ಲಾ ಬರದಾಳ. ಆಕಿ ಉಂಡಳೋ ಇಲ್ಲೋ ಅಂತ ನಾವು ಒಂದಿನ ಕೇಳಿಲ್ಲ ನೋಡು.”

“ಆಕಿಗೂ ಒಂದು ಸನ್ಮಾನ ಮಾಡೋಣೇನು? ಶಾಲು?”

“ಶಾಲು ತಗೊಂಡು ಏನ್ ಮಾಡ್ತಾಳ, ಈ ರಾಯಚೂರು ಬಿಸಿಲಾಗ! ಹೆಗಲ ಮ್ಯಾಲ ಮತ್ತೊಂದು ಹೇರಬ್ಯಾಡ. ಇದ್ದದ್ದು ಒಂದೀಟು ಇಳಸು.”

ಅಷ್ಟೇ ಹೇಳಿ, ಅಲ್ಲಿಂದಲೇ ಮಾನ್ವಿಯವರಿಗೆ ಫೋನು ಹಚ್ಚಿಸಿದಳು. ಮೂರು ವರ್ಷ ಪಂತ ಕಟ್ಟಿದವರು ಮೊದಲ ಸಲ ಮಾತಾಡಿದರು. ದೇವದುರ್ಗದ ಪಾಳಿ ದೇವದುರ್ಗದಲ್ಲೇ ಸೊಸೆ ನೋಡಿಕೊಳ್ಳುವುದು, ಮಾನ್ವಿಯದು ಮಾನ್ವಿಯಲ್ಲೇ ಒಬ್ಬರು. ರಾಯಚೂರಿಗೆ ಇಬ್ಬರೂ ದಿನಕ್ಕೆ ಒಂದೊಂದೇ ಫೋನು. ದೀಪ ಹಚ್ಚಿದ ಮೇಲೆ ಹುಡುಗಿಗೆ ಯಾರೂ ಫೋನು ಮಾಡಬಾರದು. ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂತು, ಶಿಕ್ಷೆ ಎಂದು ಹಿರಿಯಕ್ಕನೇ ಹಾಕಿದಳು. ಮಾನ್ವಿಗೂ ದಿನವೂ ಹೀಗೇ ಚೀಟಿ ಹೋಗುತ್ತಿತ್ತಂತೆ. ಚೀಟಿ ಮಾತ್ರ ಹುಡುಗಿಯೇ ಬರೆಯಬೇಕು, ಅದನ್ನು ಬೇರೆಯವರು ಬರೆದರೆ ನಡೆಯುವುದಿಲ್ಲ ಎಂದು ಎರಡೂ ಊರಿನವರು ಒಂದೇ ಬಾಯಿಂದ ಹೇಳಿದರು.

ನಾನು ಏಳುವಾಗ ಹಿರಿಯಕ್ಕ ಹತ್ತಿರ ಬಂದು ಮೆಲ್ಲಗೆ, “ಮಾನ್ವಿ ರೊಟ್ಟಿ ತಿಂದು ನೋಡಿದೆ. ಛಲೋ ಬಡೀತಾರ ಬಿಡು. ನಾ ಅಂದೆ ಅಂತ ಹೇಳಿಗೀಳೀಯ!” ಎಂದಳು. ಇಲ್ಲಿ ಬರೆದಿದ್ದೇನೆ. ಅವಳಿಗೆ ಓದು ಬರದು, ಸೊಸೆ ಓದಿ ಹೇಳಿದರೆ ನಾನು ಇನ್ನೊಂದು ಸಲ ಬುಟ್ಟಿ ಹೊತ್ತು ಹೋಗಬೇಕಾಗುತ್ತದೆ.

ಮನೆಗೆ ಬಂದರೆ ಮೊಮ್ಮಗಳ ಜ್ವರ ಇಳಿದಿತ್ತು. ಎದ್ದು ಕೂತು, “ಸಂತಿಯಾಗ ಏನ್ ತಂದಿ?” ಎಂದಳು. ಎಲ್ಲ ಹೇಳಿದೆ. ಹನ್ನೊಂದು ಸೌಟಿನ ಕಥೆಗೆ ನಕ್ಕು ನಕ್ಕು ಕೆಮ್ಮು ಬಂತು. ಖಾಲಿ ಬಟ್ಟೆಯ ಮಾತಿಗೆ ಹಣೆ ಹಣೆ ಬಡಿದುಕೊಂಡಳು. ಡಬ್ಬಿಯ ಮಾತಿಗೆ ಹೊದಿಕೆ ಸರಿಸಿ ಮುಂದಕ್ಕೆ ಬಗ್ಗಿದಳು.

“ಇಟ್ಟಾರೇನು? ಎಲ್ಲಾ ಚೀಟಿನೂ?”

“ಎಲ್ಲಾ. ಉಪ್ಪಿನ ಚೀಟಿನೂ ಇಟ್ಟಾರ.”

“ಮತ್ತ ಬಿಡ್ತೀಯೇನು?” ಎಂದು ಕೇಳಲು ಬಾಯಿ ತುದಿಗೆ ಬಂದಿತ್ತು, ಧೈರ್ಯವಾಗಲಿಲ್ಲ. ತಿಂಗಳು ಮುಗಿಯಲು ಇನ್ನೂ ಐದು ದಿನವಿತ್ತು. ಆ ಐದು ದಿನ ನಾನು ದಿನವೂ ಬಟ್ಟೆ ಒಗೆದೆ, ಇಸ್ತ್ರಿ ಕೂಡ ಹಾಕಿದೆ, ಅವಳ ಮುಖ ನೋಡುತ್ತಾ.

ಕೊನೆಯ ದಿ‌ನ ದೇವದುರ್ಗದಿಂದ ದಿನವೂ ಕೆಲಸಕ್ಕೆ ಬರುವ ಆ ಹೆಣ್ಣುಮಗಳು ದೊಡ್ಡ ಗಂಟನ್ನು ಆಸ್ಪತ್ರೆಯಲ್ಲಿ ಇಳಿಸಿ, ಕೈಚೀಲದಿಂದ ಒಂದು ಸಣ್ಣ ಗಂಟು ತೆಗೆದಳು. “ಇದು ಬ್ಯಾರೆ. ಆಕಿ ಕೈಯಾಗ ಕೊಡ್ರಿ ಅಂದಾರ.” ಬೇವಿನ ಗಿಡದ ಕೆಳಗೆ, ಎಲ್ಲರೂ ಸುತ್ತ ನಿಂತಿದ್ದಾಗ, ಮೊಮ್ಮಗಳು ಗಂಟು ಬಿಚ್ಚಿದಳು. ಒಂದು ರೊಟ್ಟಿ. ದೇವದುರ್ಗದವರು ಬಡಿದದ್ದೇ, ಆದರೆ ಮಾನ್ವಿಯದರ ಹಾಗೆ ತೆಳ್ಳಗೆ, ಅಂಚಿನಲ್ಲಿ ಒಂದೆರಡು ಕಡೆ ಹರಿದಿತ್ತು. ಮೇಲೆ ಸಕ್ಕರೆ. ಪಕ್ಕದಲ್ಲಿ ಒಂದು ಚೀಟಿ, ಸೊಸೆಯ ಅಕ್ಷರ, ಹಿರಿಯಕ್ಕನ ಬಾಯಿ:

“ಇದನ್ನು ಹಂಚಬ್ಯಾಡ. ನೀನ ತಿನ್ನು.”

ಅವಳು ಅಭ್ಯಾಸದಂತೆ ಮುರಿದು ಪಕ್ಕದವರಿಗೆ ಕೊಡಲು ಹೋದಳು. “ಹಂಚಬ್ಯಾಡ ಅಂದಾರವ್ವಾ!” ಎಂದು ಮೇಷ್ಟ್ರು ಗದರಿದರು. ಗದರಿ, ತಮ್ಮ ಪಕ್ಕದಲ್ಲಿದ್ದ ಕುರ್ಚಿ ಎಳೆದು ಅವಳ ಹಿಂದೆ ಇಟ್ಟರು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮೊಮ್ಮಗಳು ಆ ಗಿಡದ ಕೆಳಗೆ ಕೂತು ಉಂಡಳು. ಬಡಿಸುವವರು ಪಲ್ಯ ಹಾಕಲು ನಾ ಮುಂದು ತಾ ಮುಂದು ಅಂದರು. ಅವಳ ಕಣ್ಣಿನಿಂದ ನೀರು, ಬಾಯಿಯಲ್ಲಿ ರೊಟ್ಟಿ, ನಗು ಬೇರೆ. ನಾನು ಸೆರಗು ಬಾಯಿಗೆ ಹಿಡಿದುಕೊಂಡು ಕುಣಿಯುವುದೊಂದು ಬಾಕಿ.

ಸಂಜೆ ಮನೆಯಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದೆ. ದೀಪ ಹಚ್ಚಿ ಆಗಿತ್ತು, ಫೋನು ಸುಮ್ಮನಿತ್ತು. ಅವಳು ನೋಟ್‌ಬುಕ್ಕು ತೆಗೆದು ಹೊಸ ಹಾಳೆ ತಿರುಗಿಸಿದಳು.

“ಪೆನ್ ಕೊಡು ನಾನಿ. ಮುಂದಿನ ತಿಂಗಳ ಪಾಳಿ ಬರೀಬೇಕು.”

ಪೆನ್ನು ಕೊಟ್ಟು, ಬಟ್ಟೆ ಹಿಂಡುವ ನೆವ ಮಾಡಿಕೊಂಡು ಹೆಗಲ ಮೇಲಿಂದ ಬಗ್ಗಿ ನೋಡಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದುಕೊಂಡಿದ್ದಳು. ಅದರ ಮುಂದೆ, ಶುಕ್ರವಾರದ ಕೆಳಗೆ, ದುಂಡಗೆ: ರಜೆ.